ಪರದೆ ರಾಯಚೂರಿನಲ್ಲಿ, ಯಂತ್ರ ಬೆಂಗಳೂರಿನಲ್ಲಿ

ರಾಯಚೂರಿನಲ್ಲಿರುವ ನನ್ನ ಸೋದರಳಿಯ ಕಾರ್ಖಾನೆಗಳ ಪೈಪು ಜೋಡಣೆಯ ನಕ್ಷೆಗಳನ್ನು ಮನೆಯಿಂದಲೇ ತಯಾರಿಸುತ್ತಾನೆ. ಅವನ ಮೇಜಿನ ಮೇಲಿರುವುದು ಸಾಧಾರಣ ಲ್ಯಾಪ್‌ಟಾಪು. ನಕ್ಷೆಯ ತಂತ್ರಾಂಶ ಓಡುವುದು ಬೆಂಗಳೂರಿನ ಸರ್ವರ್ ಒಂದರಲ್ಲಿ, ಅವನಿಗೆಂದು ತೆಗೆದಿರಿಸಿದ ವರ್ಚುವಲ್ ಮಷೀನಿನೊಳಗೆ, ಅಂದರೆ ಆ ಸರ್ವರಿನ ಒಂದು ಪಾಲಿನಲ್ಲಿ ರೂಪಿಸಿದ ಕಾಲ್ಪನಿಕ ಕಂಪ್ಯೂಟರಿನೊಳಗೆ. ರಿಮೋಟ್ ಡೆಸ್ಕ್‌ಟಾಪ್ ತಂತ್ರಾಂಶದ ಮೂಲಕ ಅವನು ಆ ಯಂತ್ರದ ಪರದೆಯನ್ನು ಇಲ್ಲಿ ಕುಳಿತು ನೋಡುತ್ತಾನೆ, ಇಲ್ಲಿಂದಲೇ ಮೌಸ್ ಆಡಿಸುತ್ತಾನೆ. ಕಳೆದ ಬೇಸಿಗೆಯಲ್ಲಿ ಅವನ ದೂರು ಶುರುವಾಯಿತು. ಪೈಪುಗಳ ಮಾದರಿಯನ್ನು ಹಿಡಿದು ತಿರುಗಿಸಿದರೆ ಅದು ತುಸು ತಡೆದು, ಆಮೇಲೆ ಎರಡು ಮೂರು ನೆಗೆತಗಳಲ್ಲಿ ತಿರುಗಿ ನಿಲ್ಲುತ್ತಿತ್ತು. ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ: ಇಂಟರ್‌ನೆಟ್ ಯೋಜನೆಯನ್ನು ಸೆಕೆಂಡಿಗೆ 50 ಮೆಗಾಬಿಟ್‌ನಿಂದ 100ಕ್ಕೆ ಏರಿಸಿದ. "ನೆಟ್ ಡಬಲ್ ಮಾಡ್ಸೀನಿ ಮಾವ, ಆದ್ರೂ ಅದಕ್ಕ ಜೀವ ಬಂದಿಲ್ಲ" ಎಂದು ಅವನು ಫೋನಿನಲ್ಲಿ ಹೇಳಿದಾಗ ನನಗೆ ಮೊದಲು ನೆನಪಾದದ್ದು ತುಂಗಭದ್ರಾ ಎಡದಂಡೆ ಕಾಲುವೆ.

ಮುನಿರಾಬಾದಿನ ಅಣೆಕಟ್ಟೆಯಿಂದ ಹೊರಟು ರಾಯಚೂರು ಜಿಲ್ಲೆಯವರೆಗೆ ಬರುವ ಆ ಕಾಲುವೆಯ ಉದ್ದ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಅಲ್ಲಿ ಗೇಟು ಎತ್ತಿದ ಕ್ಷಣವೇ ಇಲ್ಲಿನ ಗದ್ದೆಗೆ ನೀರು ಬಂದುಬಿಡುವುದಿಲ್ಲ ಎಂಬುದನ್ನು ಕೊನೆ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲುವೆಯಲ್ಲಿ ಎಷ್ಟು ಕ್ಯೂಸೆಕ್ ಹರಿಯುತ್ತದೆ ಎಂಬುದು ಒಂದು ಪ್ರಶ್ನೆ, ಬಿಟ್ಟ ನೀರು ತಲುಪಲು ಎಷ್ಟು ಹೊತ್ತು ಬೇಕು ಎಂಬುದು ಇನ್ನೊಂದು ಪ್ರಶ್ನೆ. ಇಂಟರ್‌ನೆಟ್ ಯೋಜನೆಯ ಜಾಹೀರಾತಿನಲ್ಲಿರುವ ಮೆಗಾಬಿಟ್ ಲೆಕ್ಕ ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರ. ಆಳವಾದ ಕಾಲುವೆಯಲ್ಲಿ ನೀರು ತುಸು ಬೇಗ ಹರಿಯುತ್ತದೆ ಎಂದು ನೀರಾವರಿ ಎಂಜಿನಿಯರುಗಳು ನನ್ನ ಹೋಲಿಕೆಯನ್ನು ಆಕ್ಷೇಪಿಸಬಹುದು. ಗಾಜಿನ ಎಳೆಯಲ್ಲಿ ಓಡುವ ಬೆಳಕಿಗೆ ಅಷ್ಟು ರಿಯಾಯಿತಿಯೂ ಇಲ್ಲ. ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುವ ಬೆಳಕು ಆಪ್ಟಿಕಲ್ ಫೈಬರಿನಲ್ಲಿ ಸುಮಾರು 2 ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ರಾಯಚೂರಿನಿಂದ ಬೆಂಗಳೂರಿಗೆ 400 ಕಿಲೋಮೀಟರ್ ಎಂದುಕೊಂಡರೆ ಹೋಗಲು 2 ಮಿಲಿಸೆಕೆಂಡು, ಬರಲು 2 ಮಿಲಿಸೆಕೆಂಡು. ಕೇಬಲ್ಲು ನೇರವಾಗಿ ಬರುವುದಿಲ್ಲ, ನಡುವೆ ಹಲವು ರೂಟರ್‌ಗಳಲ್ಲಿ ನಿಂತು ಹೊರಡಬೇಕು. ಹಾಗಾಗಿ ವಾಸ್ತವದ ಅಂಕಿ ಇದಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಸಣ್ಣ ಸಂದೇಶವೊಂದು ಹೋಗಿಬರುವ ಹೊತ್ತನ್ನು ತಿಳಿಸುವ ಪಿಂಗ್ ಆದೇಶದಿಂದ ನಾವು ಅಳೆದಾಗ ಸಿಕ್ಕಿದ್ದು ಹೋಗಿಬರಲು ಸುಮಾರು 25 ಮಿಲಿಸೆಕೆಂಡು, ಹಳೆಯ ಯೋಜನೆಯಲ್ಲಿ ಹೇಗೋ ಹೊಸದರಲ್ಲಿಯೂ ಹಾಗೆಯೇ.

ಇದು ಹೆಚ್ಚೇ, ಕಡಿಮೆಯೇ? ಮನುಷ್ಯ ಮತ್ತು ಕಂಪ್ಯೂಟರಿನ ನಡುವಣ ಸಂವಾದದಲ್ಲಿ ಎಷ್ಟು ತಡವನ್ನು ನಾವು ಸಹಿಸುತ್ತೇವೆ ಎಂಬುದನ್ನು ರಾಬರ್ಟ್ ಮಿಲ್ಲರ್ 1968ರಲ್ಲಿಯೇ ಚರ್ಚಿಸಿದ್ದರು. ಕೀಲಿ ಒತ್ತಿದ್ದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ, ಅಂದರೆ 100 ಮಿಲಿಸೆಕೆಂಡಿನೊಳಗೆ, ಉತ್ತರ ಕಂಡರೆ ಅದು ತಕ್ಷಣ ಆದಂತೆಯೇ ತೋರುತ್ತದೆ ಎಂಬ ಅಂದಾಜು ಇಂದಿಗೂ ಬಳಕೆಯಲ್ಲಿದೆ. ವಸ್ತುವನ್ನು ಹಿಡಿದು ಎಳೆಯುವಾಗ ಮಾತ್ರ ಕಣ್ಣು ಇನ್ನೂ ಕಟ್ಟುನಿಟ್ಟು. ಸೆಕೆಂಡಿಗೆ 1000 ಪಿಕ್ಸೆಲ್ ವೇಗದಲ್ಲಿ ಕೈ ಚಲಿಸುತ್ತಿದ್ದರೆ, 100 ಮಿಲಿಸೆಕೆಂಡಿನ ತಡವೆಂದರೆ ಚಿತ್ರ ಕೈಗಿಂತ 100 ಪಿಕ್ಸೆಲ್ ಹಿಂದೆ ಬಿದ್ದಿರುತ್ತದೆ. ಅದು ಯಾರ ಕಣ್ಣಿಗೂ ಕಾಣುತ್ತದೆ. ಅಳಿಯನ ಪರದೆಯ ಮೇಲಿನ ತಡ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿತ್ತು. ಅದರಲ್ಲಿ ದಾರಿಯ ಪಾಲು ಬರೀ 25 ಮಿಲಿಸೆಕೆಂಡಾದರೆ ಉಳಿದದ್ದು ಎಲ್ಲಿ ಹೋಗುತ್ತಿತ್ತು?

ಮೌಸಿನ ಒಂದು ಎಳೆತ ಬೆಂಗಳೂರಿಗೆ ಹೋಗಬೇಕು. ಅಲ್ಲಿನ ತಂತ್ರಾಂಶ ಹೊಸ ಕೋನದಿಂದ ಮಾದರಿಯನ್ನು ಮತ್ತೆ ಚಿತ್ರಿಸಬೇಕು. ಆ ಚಿತ್ರವನ್ನು ಸಂಕುಚಿಸಿ ಕಟ್ಟಬೇಕು. ಕಟ್ಟಿದ ಗಂಟು ರಾಯಚೂರಿಗೆ ಬರಬೇಕು. ಲ್ಯಾಪ್‌ಟಾಪು ಅದನ್ನು ಬಿಚ್ಚಿ ಪರದೆಗೆ ಹಾಕಬೇಕು. ಸಂಕೋಚನ ಏಕೆ ಬೇಕೆಂಬುದು ಸಣ್ಣ ಗುಣಾಕಾರದಿಂದ ತಿಳಿಯುತ್ತದೆ. 1920ಕ್ಕೆ 1080ರ ಪರದೆಯಲ್ಲಿ 20,73,600 ಪಿಕ್ಸೆಲ್‌ಗಳಿವೆ. ಒಂದೊಂದಕ್ಕೆ 24 ಬಿಟ್ ಬಣ್ಣ ಕೊಟ್ಟು ಸೆಕೆಂಡಿಗೆ 30 ಚಿತ್ರ ಕಳುಹಿಸುವುದಾದರೆ ಸೆಕೆಂಡಿಗೆ ಸುಮಾರು 150 ಕೋಟಿ ಬಿಟ್ ಬೇಕು. 100 ಮೆಗಾಬಿಟ್ ಎಂದರೆ 10 ಕೋಟಿ.

ಮೊದಲಿಗೆ ಹೀಗೆ ಚಿತ್ರಗಳನ್ನೇ ಸಾಗಿಸುವ ಪದ್ಧತಿ ಇರಲಿಲ್ಲ. 1984ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ದೂರದ ಯಂತ್ರದ ಕಿಟಕಿಗಳನ್ನು ನಮ್ಮೆದುರು ತೋರಿಸಬಲ್ಲ ಎಕ್ಸ್ ವಿಂಡೋ ವ್ಯವಸ್ಥೆಯಾಗಲಿ, 1998ರಲ್ಲಿ ವಿಂಡೋಸ್ ಎನ್‌ಟಿಯ ಟರ್ಮಿನಲ್ ಸರ್ವರ್ ಆವೃತ್ತಿಯೊಂದಿಗೆ ಬಂದ ಮೈಕ್ರೋಸಾಫ್ಟಿನ ರಿಮೋಟ್ ಡೆಸ್ಕ್‌ಟಾಪ್ ವಿಧಾನವಾದ ಆರ್‌ಡಿಪಿಯಾಗಲಿ ಬಹುಮಟ್ಟಿಗೆ ಸಾಗಿಸುತ್ತಿದ್ದುದು ಆದೇಶಗಳನ್ನು: ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಈ ಚೌಕವನ್ನು ಬೂದು ಬಣ್ಣದಿಂದ ತುಂಬು, ಈ ಅಕ್ಷರವನ್ನು ಇಲ್ಲಿ ಬರೆ. ಚಿತ್ರ ರೂಪುಗೊಳ್ಳುತ್ತಿದ್ದುದು ನೋಡುವವನ ಬಳಿಯೇ. ರಂಗೋಲಿಯನ್ನು ಹೊತ್ತು ತರುವ ಬದಲು ಚುಕ್ಕಿಯ ಲೆಕ್ಕವನ್ನು ಫೋನಿನಲ್ಲಿ ಹೇಳಿದಂತೆ. ದೂರವಾಣಿ ತಂತಿಯ ಮೋಡೆಮ್ ಕಾಲದಲ್ಲಿಯೂ ದೂರದ ವಿಂಡೋಸ್ ಸಹನೀಯವಾಗಿದ್ದುದರ ಗುಟ್ಟು ಇದೇ. ಇಂದಿನ ತಂತ್ರಾಂಶಗಳು ಗೆರೆ, ಚೌಕಗಳ ಹಳೆಯ ಆದೇಶಗಳನ್ನು ಬಿಟ್ಟು, ನೆರಳು, ಪಾರದರ್ಶಕತೆಗಳೊಡನೆ ಇಡೀ ಕಿಟಕಿಯನ್ನು ಪಿಕ್ಸೆಲ್‌ಗಳಾಗಿ ತಾವೇ ಬಣ್ಣಿಸಿಕೊಳ್ಳುತ್ತವೆ. ಹಾಗಾಗಿ ದೂರದ ಪರದೆಯನ್ನು ತೋರಿಸುವುದು ಈಗ ಹೆಚ್ಚುಕಡಿಮೆ ನೇರಪ್ರಸಾರದ ವಿಡಿಯೊ ಕಳುಹಿಸುವ ಕೆಲಸವಾಗಿದೆ. ಕ್ರಿಕೆಟ್ ಪ್ರಸಾರ ಹತ್ತು ಸೆಕೆಂಡು ತಡವಾದರೆ ನಡೆಯುತ್ತದೆ, ಪಕ್ಕದ ಮನೆಯವರು ಮೊದಲೇ ಕೂಗಿಕೊಳ್ಳುತ್ತಾರೆ ಅಷ್ಟೇ. ಇಲ್ಲಿ ಹತ್ತನೇ ಒಂದು ಸೆಕೆಂಡೂ ದುಬಾರಿ.

ಇನ್ನು ಪತ್ತೆದಾರಿಕೆ. ನನ್ನ ಅನುಭವದಲ್ಲಿ ಒಂದು ಸೆಟ್ಟಿಂಗನ್ನೂ ಮುಟ್ಟುವ ಮೊದಲು ಮಾಡಬೇಕಾದ ಎರಡು ಪರೀಕ್ಷೆಗಳಿವೆ, ಎರಡಕ್ಕೂ ಖರ್ಚಿಲ್ಲ. ದೂರದ ಯಂತ್ರದಲ್ಲಿ ನೋಟ್‌ಪ್ಯಾಡ್ ತೆರೆದು ವೇಗವಾಗಿ ಟೈಪು ಮಾಡುವುದು ಮೊದಲನೆಯದು. ಅಕ್ಷರಗಳೂ ಎಡವಿ ಎಡವಿ ಬಂದರೆ ದಾರಿಯ ಮೇಲೆ ಅನುಮಾನ ಪಡಬೇಕು, ಏಕೆಂದರೆ ಒಂದು ಅಕ್ಷರವನ್ನು ಚಿತ್ರಿಸಲು ಯಾವ ಯಂತ್ರಕ್ಕೂ ಶ್ರಮವಿಲ್ಲ. ಮೌಸಿನ ಬಾಣ ಸರಾಗವಾಗಿ ಓಡುವುದನ್ನು ಕಂಡು ದಾರಿ ಚೆನ್ನಾಗಿದೆಯೆಂದು ನಂಬಬಾರದು; ಸಾಮಾನ್ಯವಾಗಿ ಬಾಣವನ್ನು ಚಿತ್ರಿಸುವುದು ನಮ್ಮೆದುರಿನ ಲ್ಯಾಪ್‌ಟಾಪೇ, ಅದು ಬೆಂಗಳೂರಿಗೆ ಹೋಗಿ ಬಂದದ್ದಲ್ಲ. ಎರಡನೆಯ ಪರೀಕ್ಷೆ ನನಗೆ ಹೆಚ್ಚು ಇಷ್ಟವಾದದ್ದು: ದೂರದ ಪರದೆಯ ಗಾತ್ರವನ್ನು ಉದ್ದ ಅಗಲ ಎರಡರಲ್ಲೂ ಅರ್ಧಕ್ಕೆ ಇಳಿಸಿ, ಅದೇ ಕೆಲಸವನ್ನು ಮತ್ತೆ ಮಾಡಿ ನೋಡುವುದು. ಪಿಕ್ಸೆಲ್‌ಗಳು ಕಾಲು ಭಾಗಕ್ಕೆ, ಅಂದರೆ 5,18,400ಕ್ಕೆ ಇಳಿಯುತ್ತವೆ. ಬೆಳಕಿನ ಪ್ರಯಾಣಕ್ಕೆ ಪರದೆಯ ಗಾತ್ರ ಗೊತ್ತಿಲ್ಲ. ಆದ್ದರಿಂದ ಪರದೆ ಕಿರಿದಾದಾಗ ಚಲನೆ ಚುರುಕಾದರೆ ದೋಷ ಚಿತ್ರಿಸುವುದರಲ್ಲಿ, ಸಂಕುಚಿಸುವುದರಲ್ಲಿ ಅಥವಾ ಕಾಲುವೆಯ ಅಗಲದಲ್ಲಿದೆ, ಏನೂ ಬದಲಾಗದಿದ್ದರೆ ದೂರದಲ್ಲಿ ಅಥವಾ ಮಾದರಿಯ ಜಟಿಲತೆಯಲ್ಲಿದೆ.

ಅಳಿಯನ ನೋಟ್‌ಪ್ಯಾಡಿನಲ್ಲಿ ಅಕ್ಷರಗಳು ಸರಾಗವಾಗಿ ಬಂದವು. ಪರದೆ ಕಿರಿದಾದೊಡನೆ ಪೈಪುಗಳ ತಿರುಗಾಟ ಕಣ್ಣಿಗೆ ಕಾಣುವಷ್ಟು ಹಗುರವಾಯಿತು. ಯಾವ ಭಾಗಕ್ಕೆ ಎಷ್ಟು ಕೆಲಸ ಬಿದ್ದಿದೆಯೆಂದು ತೋರಿಸುವ ಟಾಸ್ಕ್ ಮ್ಯಾನೇಜರನ್ನು ದೂರದ ಯಂತ್ರದಲ್ಲಿ ತೆರೆದಿಟ್ಟುಕೊಂಡು ಮಾದರಿಯನ್ನು ತಿರುಗಿಸಲು ಹೇಳಿದೆ: ಪ್ರೊಸೆಸರ್ ಬಳಕೆ ಶೇಕಡ 100ಕ್ಕೆ ಏರಿ ಅಲ್ಲೇ ಕುಳಿತಿತು. ಅಷ್ಟು ಸಾಕಾಯಿತು: ದೋಷ ದಾರಿಯದಲ್ಲ, ಚಿತ್ರ ಬಿಡಿಸುವ ಯಂತ್ರದ್ದು.

ವರ್ಚುವಲ್ ಮಷೀನ್ ಎಂದರೆ ಒಂದು ದೊಡ್ಡ ಕಂಪ್ಯೂಟರಿನ ಪ್ರೊಸೆಸರ್ ಮತ್ತು ಮೆಮೊರಿಯನ್ನು ಹಂಚಿ, ಒಂದೊಂದು ಪಾಲೂ ತಾನೇ ಇಡಿಯ ಕಂಪ್ಯೂಟರೆಂದು ಭಾವಿಸುವಂತೆ ಮಾಡುವ ಏರ್ಪಾಟು. ಐಬಿಎಂ ಇದನ್ನು 1960ರ ದಶಕದಲ್ಲಿಯೇ ತನ್ನ ಮೇನ್‌ಫ್ರೇಮ್‌ಗಳಲ್ಲಿ ಸಾಧಿಸಿತ್ತು. ಮೆಮೊರಿಯನ್ನು ಪಾಲು ಮಾಡುವುದು ಹೊಲಕ್ಕೆ ಬದು ಹಾಕಿದಷ್ಟು ಸಲೀಸು. ಚಿತ್ರ ಬಿಡಿಸಲೆಂದೇ ಇರುವ ಗ್ರಾಫಿಕ್ಸ್ ಕಾರ್ಡನ್ನು ಪಾಲು ಮಾಡುವುದು ಹಾಗಲ್ಲ. ಕಾರ್ಡನ್ನು ಒಂದೇ ಯಂತ್ರಕ್ಕೆ ಪೂರ್ತಿಯಾಗಿ ಬಿಟ್ಟುಕೊಡಬೇಕು, ಇಲ್ಲವೇ ಪಾಲುಮಾಡಲೆಂದೇ ರೂಪಿಸಿದ ದುಬಾರಿ ಕಾರ್ಡು ಬೇಕು. ಎರಡೂ ಇಲ್ಲದಿದ್ದಾಗ ವರ್ಚುವಲ್ ಮಷೀನಿಗೆ ದಕ್ಕುವುದು ಹೆಸರಿಗಷ್ಟೇ ಇರುವ, ಪರದೆಯನ್ನು ಹೇಗೋ ತೋರಿಸಬಲ್ಲ ಒಂದು ಕಾಲ್ಪನಿಕ ಕಾರ್ಡು. ಮೂರು ಆಯಾಮದ ಚಿತ್ರಕ್ಕೆ ಬೇಕಾದ ಗಣಿತವನ್ನು ಆಗ ಪ್ರೊಸೆಸರೇ ಮಾಡಬೇಕಾಗುತ್ತದೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ಸಾವಿರಾರು ಸಣ್ಣ ಗಣಕಗಳು ಏಕಕಾಲಕ್ಕೆ ಪಿಕ್ಸೆಲ್‌ಗಳ ಲೆಕ್ಕ ಹಾಕಿದರೆ, ಇಲ್ಲಿ ಪ್ರೊಸೆಸರಿನ ನಾಲ್ಕೋ ಎಂಟೋ ಕೋರ್‌ಗಳು, ಅಂದರೆ ಲೆಕ್ಕದ ಘಟಕಗಳು, ಸರದಿಯಲ್ಲಿ ಆ ಲೆಕ್ಕ ಹಾಕಿ, ಆದ ಚಿತ್ರವನ್ನು ಸಂಕುಚಿಸುವ ಹೊರೆಯನ್ನೂ ಹೊರುತ್ತವೆ. ಉಳುವ ಎತ್ತನ್ನೇ ಗಾಣಕ್ಕೂ ಕಟ್ಟಿದ ಹಾಗೆ.

ಇದನ್ನು ಪತ್ತೆಮಾಡಲು ಹೆಸರನ್ನು ಓದಿದರೆ ಸಾಕು. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದೊಂದೇ ಇದ್ದರೆ ಅಲ್ಲಿ ನಿಜವಾದ ಕಾರ್ಡಿನ ನೆರವಿಲ್ಲ. ಲಿನಕ್ಸಿನಲ್ಲಿ ಜಿಎಲ್‌ಎಕ್ಸ್‌ಇನ್‌ಫೋ ಆದೇಶ ಕೊಟ್ಟಾಗ 'ಎಲ್‌ಎಲ್‌ವಿಎಂಪೈಪ್' ಎಂಬ ಹೆಸರು ಬಂದರೂ ಅರ್ಥ ಅದೇ. ಎಷ್ಟೋ ಸಲ ಕಾರ್ಡಿಲ್ಲದಿದ್ದರೂ, ವರ್ಚುವಲ್ ಮಷೀನ್ ನಡೆಸುವ ತಂತ್ರಾಂಶವಾದ ವರ್ಚುವಲ್‌ಬಾಕ್ಸಿನ ಗೆಸ್ಟ್ ಅಡಿಷನ್ಸ್‌ನಂಥ ಪೂರಕ ಡ್ರೈವರುಗಳನ್ನು ಹಾಕುವುದರಿಂದಲೇ ಸಾಧಾರಣ ಕಿಟಕಿ ಕೆಲಸ ಗಮನಾರ್ಹವಾಗಿ ಸುಧಾರಿಸುತ್ತದೆ. ಅಳಿಯನಿಗೆ ಅಷ್ಟು ಸಾಲದು. ಸರ್ವರ್ ನೋಡಿಕೊಳ್ಳುವವರಿಗೆ ಪತ್ರ ಬರೆದು, ವಾರ ಕಾದು, ಕಾರ್ಡಿನ ಒಂದು ಪಾಲನ್ನು ಅವನ ಯಂತ್ರಕ್ಕೆ ಕೊಡಿಸಿದ್ದಾಯಿತು. ಆದರೂ ಏನೂ ಬದಲಾಗಲಿಲ್ಲ! ಅವನದು ವಿಂಡೋಸ್ ಸರ್ವರ್ ಆವೃತ್ತಿ. ಹಲವರು ಹಂಚಿಕೊಳ್ಳುವಂತೆ ಸಜ್ಜಾದಾಗ ಅದು ದೂರದಿಂದ ಬಂದವರ ಚಿತ್ರವನ್ನು ಕಾರ್ಡು ಇದ್ದರೂ ಪ್ರೊಸೆಸರಿನಿಂದಲೇ ಮಾಡಿಸುವುದನ್ನು ಮೂಲ ಸೆಟ್ಟಿಂಗಾಗಿ ಇಟ್ಟುಕೊಂಡಿರುತ್ತದೆ. ರಿಮೋಟ್ ಬಳಕೆದಾರರಿಗೂ ಹಾರ್ಡ್‌ವೇರ್ ಗ್ರಾಫಿಕ್ಸ್ ಬಳಸು ಎಂಬ ಆಯ್ಕೆ, ವಿಂಡೋಸಿನ ನಿಯಮಗಳನ್ನು ಹೊಂದಿಸುವ ಗ್ರೂಪ್ ಪಾಲಿಸಿಯ ಪಟ್ಟಿಯಲ್ಲಿ ಬಹಳ ಕೆಳಗೆ ಅಡಗಿದೆ. ಅದನ್ನು ಆನ್ ಮಾಡಿಸಿದ ಮಧ್ಯಾಹ್ನ ಮಾದರಿ ಕೈಯ ಜೊತೆಗೇ ತಿರುಗಿತು.

ಸಂಜೆ ಮತ್ತೆ ಫೋನು. ಈ ಸಲ ನೋಟ್‌ಪ್ಯಾಡಿನ ಅಕ್ಷರಗಳೂ ತೊದಲುತ್ತಿದ್ದವು. ಪಿಂಗ್ 25ರಿಂದ 400 ದಾಟಿತ್ತು. ಮನೆಯವರೆಲ್ಲ ಮದುವೆಯೊಂದನ್ನು ಮುಗಿಸಿ ಬಂದಿದ್ದರು, ಮೂರು ಫೋನುಗಳು ಫೋಟೊ, ವಿಡಿಯೊಗಳನ್ನು ಒಟ್ಟಿಗೇ ಕ್ಲೌಡಿಗೆ ಏರಿಸುತ್ತಿದ್ದವು. ಈ ರೋಗಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. ರೂಟರ್ ತನ್ನಲ್ಲಿ ಬಂದ ಪ್ಯಾಕೆಟ್‌ಗಳನ್ನು, ಅಂದರೆ ದತ್ತಾಂಶದ ಸಣ್ಣ ಪೊಟ್ಟಣಗಳನ್ನು, ಕಳೆದುಕೊಳ್ಳಬಾರದೆಂಬ ಒಳ್ಳೆಯ ಉದ್ದೇಶದಿಂದ ದೊಡ್ಡ ಸಾಲು ಕಟ್ಟಿ ನಿಲ್ಲಿಸುತ್ತದೆ. ಸಾಲಿನಲ್ಲಿ 10 ಲಕ್ಷ ಬೈಟು, ಅಂದರೆ 80 ಲಕ್ಷ ಬಿಟ್ ಫೋಟೊಗಳಿದ್ದು, ಮೇಲೇರುವ ದಾರಿಯ ಸಾಮರ್ಥ್ಯ ಸೆಕೆಂಡಿಗೆ 20 ಮೆಗಾಬಿಟ್ ಇದ್ದರೆ, ಅದು ಕರಗಲು 0.4 ಸೆಕೆಂಡು ಬೇಕು. ಕೆಲವೇ ಬೈಟುಗಳ ಮೌಸ್ ಸಂದೇಶವೂ ಅದೇ ಸಾಲಿನ ತುದಿಯಲ್ಲಿ ನಿಲ್ಲಬೇಕು. ಈ ಹೆಸರನ್ನು ಚಾಲ್ತಿಗೆ ತಂದ ಜಿಮ್ ಗೆಟ್ಟಿಸ್ ಅವರೇ ಎಕ್ಸ್ ವಿಂಡೋ ವ್ಯವಸ್ಥೆಯನ್ನು ಆರಂಭದಲ್ಲಿ ಕಟ್ಟಿದವರಲ್ಲೊಬ್ಬರು. ದೂರದ ಪರದೆಯ ಕನಸನ್ನು 1984ರಲ್ಲಿ ಕಂಡವರು, ಕಾಲು ಶತಮಾನದ ನಂತರ ಅದನ್ನು ಕೆಡಿಸುವ ಸಾಲನ್ನು ತಮ್ಮ ಮನೆಯ ರೂಟರಿನಲ್ಲಿಯೇ ಕಂಡುಹಿಡಿದರು. ಸಾಲಿನಲ್ಲಿ ಪ್ಯಾಕೆಟ್‌ಗಳು ಎಷ್ಟು ಹೊತ್ತು ಕಾಯುತ್ತಿವೆ ಎಂಬುದನ್ನು ನೋಡಿ, ಮಿತಿ ಮೀರಿದಾಗ ಕೆಲವನ್ನು ಬೇಕೆಂದೇ ಕೈಬಿಡುವ ಕೋಡೆಲ್ ಎಂಬ ಪರಿಹಾರವನ್ನು ಕ್ಯಾಥ್ಲೀನ್ ನಿಕಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದರು. ಒಳ್ಳೆಯ ರೂಟರುಗಳಲ್ಲಿ ಆ ಸೌಲಭ್ಯವಿದೆ. ಅಳಿಯನ ರೂಟರಿನಲ್ಲಿ ಇರಲಿಲ್ಲ. ಫೋಟೊಗಳ ಬ್ಯಾಕಪ್ಪನ್ನು ಎಲ್ಲರೂ ಮಲಗಿದ ಮೇಲಿನ ಹೊತ್ತಿಗೆ ಸರಿಸಿದೆವು.

ಉಳಿದದ್ದು ಚಿಲ್ಲರೆ. ಕಲ್ಲಿನ ಗೋಡೆಯ ಆಚೆಗಿದ್ದ ವೈಫೈ ಬಿಟ್ಟು ಕೇಬಲ್ ಎಳೆದದ್ದರಿಂದ ನಡುನಡುವೆ ಬರುತ್ತಿದ್ದ ಗಕ್ಕೆಂಬ ನಿಲುಗಡೆ ಹೋಯಿತು. ಅಳಿಯ ಬಳಸುವ ಆರ್‌ಡಿಪಿ ಹಿಂದೆ ಪ್ಯಾಕೆಟ್ ಸಾಗಿಸುವ ಟಿಸಿಪಿ ಎಂಬ ವಿಧಾನವನ್ನು ನೆಚ್ಚಿತ್ತು; 2012ರಿಂದ ಯುಡಿಪಿ ಎಂಬ ಇನ್ನೊಂದು ವಿಧಾನದ ಮೂಲಕವೂ ಸಾಗಬಲ್ಲದು. ಕಳೆದುಹೋದ ಒಂದು ಪ್ಯಾಕೆಟ್‌ಗಾಗಿ ಅದರ ಬೆನ್ನಿಗೆ ಬಂದವೆಲ್ಲ ಕಾಯುವ ಟಿಸಿಪಿಯ ಶಿಸ್ತು ಅಲ್ಲಿಲ್ಲ. ಕಚೇರಿಯ ಜಾಲಕ್ಕೆ ಕಾವಲಿರುವ ಫೈರ್‌ವಾಲಿನಲ್ಲಿ ಅದಕ್ಕೆ ಬೇಕಾದ ಬಾಗಿಲು, ಯುಡಿಪಿಯ 3389ನೇ ಪೋರ್ಟು, ಮುಚ್ಚಿತ್ತು, ತೆರೆಸಿದೆವು. ಕೊನೆಗೆ ಉಳಿದದ್ದು ಕಪ್ಪು ಹಿನ್ನೆಲೆಯ ಮೇಲಿನ ಸಣ್ಣ ಕೆಂಪು ಗೆರೆಗಳು ಕಲಸಿದಂತೆ ಕಾಣುವುದು. ಸಾಮಾನ್ಯ ವಿಡಿಯೊ ಸಂಕೋಚನವು ಹೊಳಪನ್ನು ಪ್ರತಿ ಪಿಕ್ಸೆಲಿಗೂ ಉಳಿಸಿ, ಬಣ್ಣವನ್ನು ಮಾತ್ರ ನಾಲ್ಕು ಪಿಕ್ಸೆಲಿಗೆ ಒಂದರಂತೆ ಇಡುತ್ತದೆ. ಮುಖ, ಮರಗಳ ಚಿತ್ರದಲ್ಲಿ ಈ ಜಿಪುಣತನ ಕಾಣುವುದಿಲ್ಲ, ಒಂದೇ ಪಿಕ್ಸೆಲ್ ದಪ್ಪದ ಬಣ್ಣದ ಗೆರೆಯಲ್ಲಿ ಎದ್ದು ಕಾಣುತ್ತದೆ. ಆರ್‌ಡಿಪಿಯ ಹತ್ತನೇ ಆವೃತ್ತಿಯಲ್ಲಿ ಬಣ್ಣವನ್ನೂ ಪೂರ್ತಿಯಾಗಿ ಕಳುಹಿಸುವ 4:4:4 ವಿಧಾನ ಸೇರಿದೆ. ಅದನ್ನು ಚಾಲೂ ಮಾಡಿ, ಪೈಪುಗಳ ಮಾದರಿಯನ್ನು ಎಡೆಬಿಡದೆ ತಿರುಗಿಸುತ್ತ, ದಾರಿಯಲ್ಲಿ ಎಷ್ಟು ದತ್ತಾಂಶ ಹರಿಯುತ್ತಿದೆಯೆಂದು ಇಬ್ಬರೂ ಅಳೆದೆವು. ಮೀಟರು ಒಮ್ಮೆಯೂ 30 ಮೆಗಾಬಿಟ್ ದಾಟಲಿಲ್ಲ. ಮುಂದಿನ ತಿಂಗಳು ಅಳಿಯ ಇಂಟರ್‌ನೆಟ್ ಯೋಜನೆಯನ್ನು ಮತ್ತೆ 50ಕ್ಕೆ ಇಳಿಸಿದ.