ಆ ಶೇ 90 ಜನ ಯಾರು ಸ್ವಾಮಿ?

ನಮ್ಮ ಕಚೇರಿಗೆ ಬರುವ ಸಣ್ಣ ಕಂಪನಿಗಳ ಮಾಲೀಕರು ಈಚೆಗೆ ಫೋನಿನಲ್ಲಿ ಒಂದು ಅಂಕಿ ತೋರಿಸುತ್ತಾರೆ. 'ಸಾರ್, ನೂರಕ್ಕೆ 90 ಜನ ಆರ್ಬಿಟ್ರೇಷನ್ ಬೇಕು ಅಂದಿದಾರಂತೆ. ಕೋರ್ಟಿಗಿಂತ ಬೇಗ, ಖರ್ಚೂ ಕಮ್ಮಿ.' ಮೊದಲ ವಾಕ್ಯ ಸಮೀಕ್ಷೆಯದು. ಎರಡನೆಯದು ಅವರೇ ಸೇರಿಸಿಕೊಂಡದ್ದು. ಆರ್ಬಿಟ್ರೇಷನ್ ಎಂದರೆ ಕೋರ್ಟಿನ ಬದಲು, ಕರಾರಿನ ಪ್ರಕಾರ ನೇಮಕವಾದ ಮಧ್ಯಸ್ಥರಿಂದ, ಅಂದರೆ ಆರ್ಬಿಟ್ರೇಟರುಗಳಿಂದ, ಜಗಳಕ್ಕೆ ತೀರ್ಪು ಪಡೆಯುವುದು.

ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯ 2006ರಿಂದ ಆಗಾಗ ಈ ಸಮೀಕ್ಷೆ ನಡೆಸುತ್ತಿದೆ. ಒಳ್ಳೆಯ ಕೆಲಸ, ನಾನೂ ಓದುತ್ತೇನೆ. 2021ರಲ್ಲಿ ಬಂದದ್ದು ಆ ಶೇ 90. ಅದನ್ನು ಸ್ವಲ್ಪ ಬಿಡಿಸಿ ನೋಡಿ. ಬರೀ ಆರ್ಬಿಟ್ರೇಷನ್ ಸಾಕು ಎಂದವರು ಶೇ 31 ಮಾತ್ರ. ಉಳಿದ ಶೇ 59 ಜನರಿಗೆ ಅದರ ಜೊತೆ ಸಂಧಾನದಂಥ ಬೇರೆ ದಾರಿಯೂ ಬೇಕು. ಇನ್ನು 2018ರ ಸಮೀಕ್ಷೆಯಲ್ಲಿ ಇದರ ದೊಡ್ಡ ದೋಷ ಯಾವುದು ಎಂದು ಕೇಳಿದಾಗ ಶೇ 67 ಜನ ಹೇಳಿದ್ದು ಖರ್ಚು! ಇದನ್ನು ಯಾರೂ ಸ್ಕ್ರೀನ್‌ಶಾಟ್ ತೆಗೆದುಕೊಂಡು ಬರುವುದಿಲ್ಲ.

ನಾನು ಮತ್ತೆ ಮತ್ತೆ ಹೇಳಿ ಸುಸ್ತಾಗಿರುವುದು ಇಷ್ಟೇ. ಯಾವ ಶೇಕಡಾ ಕಂಡರೂ ಎರಡು ಪ್ರಶ್ನೆ ಕೇಳಿ. ಯಾರನ್ನು ಕೇಳಿದರು? ಯಾವುದರ ಎದುರು ಯಾವುದನ್ನು ಇಟ್ಟು ಕೇಳಿದರು?

ಕೇಳಿದ್ದು ಹೆಚ್ಚಾಗಿ ಈ ಕ್ಷೇತ್ರದ ವಕೀಲರನ್ನು, ಆರ್ಬಿಟ್ರೇಟರುಗಳನ್ನು. ಮಸಾಲೆ ದೋಸೆಗೆ ಕ್ಯೂ ನಿಂತವರ ಹತ್ತಿರ ಹೋಗಿ ದೋಸೆ ಇಷ್ಟವಾ ಎಂದ ಹಾಗೆ. ಕೇಳಿದ್ದು ಯಾವುದರ ಬಗ್ಗೆ? ದೇಶ ದೇಶಗಳ ನಡುವಿನ ವ್ಯಾಪಾರದ ಜಗಳಗಳ ಬಗ್ಗೆ. ಜರ್ಮನಿಯ ಖರೀದಿದಾರನಿಗೆ ನಮ್ಮ ಕೋರ್ಟ್ ಬೇಡ, ನಮಗೆ ಅವನ ಊರಿನ ಕೋರ್ಟ್ ಬೇಡ. 1958ರ ನ್ಯೂಯಾರ್ಕ್ ಒಪ್ಪಂದ ಇರುವುದರಿಂದ ಒಂದು ಕಡೆ ಬಂದ ಅವಾರ್ಡನ್ನು, ಅಂದರೆ ಆರ್ಬಿಟ್ರೇಟರ ತೀರ್ಪನ್ನು, ಇನ್ನೊಂದು ದೇಶದಲ್ಲಿ ಜಾರಿ ಮಾಡಿಸಬಹುದು. ಇಂಥವರಿಗೆ ಆರ್ಬಿಟ್ರೇಷನ್ ಬೇಕು ಅನಿಸುವುದು ಸಹಜ, ಅಲ್ವಾ? ಪೀಣ್ಯದ ಮಾಲೀಕನೊಬ್ಬನಿಗೆ ದಾಬಸ್‌ಪೇಟೆಯ ಕಂಪನಿಯಿಂದ ಬರಬೇಕಾದ ಬಾಕಿಗೂ ಆ ಅಂಕಿಗೂ ಸಂಬಂಧವೇ ಇಲ್ಲ.

ಹಾಗಂತ ಆರ್ಬಿಟ್ರೇಷನ್ ಕೆಟ್ಟದ್ದು ಎನ್ನುತ್ತಿಲ್ಲ. ಅದರಲ್ಲೇ ನನ್ನ ಅನ್ನ. ಇದರ ಉಲ್ಟಾ ತಪ್ಪೂ ಇದೆ. 2019ರ ತಿದ್ದುಪಡಿಯ ನಂತರ ನಮ್ಮ ಆರ್ಬಿಟ್ರೇಷನ್ ಕಾಯ್ದೆಯ 42ಎ ಕಲಮು ಈ ವಿಚಾರಣೆಗಳನ್ನು ಗುಟ್ಟಾಗಿಡಿ ಎನ್ನುತ್ತದೆ. ಸಂಶೋಧಕರಿಗೆ ಸುಲಭವಾಗಿ ಸಿಗುವುದು 34ನೇ ಕಲಮಿನಡಿ ಅವಾರ್ಡ್ ರದ್ದು ಮಾಡಿ ಎಂದು ಕೋರ್ಟ್ ಮೆಟ್ಟಿಲು ಹತ್ತಿದ ಫೈಲುಗಳು. ಸುಮ್ನೆ ದುಡ್ಡು ಕೊಟ್ಟು ಮುಗಿಸಿದವರ ಲೆಕ್ಕ ಎಲ್ಲೂ ಇಲ್ಲ. ಜಗಳ ಮುಗಿಯದ ಕೇಸುಗಳನ್ನೇ ಎಣಿಸಿ 'ಆರ್ಬಿಟ್ರೇಷನ್ ಸೋತಿದೆ' ಎಂದು ಬರೆಯುವವರೂ ಇದ್ದಾರೆ. ಅವರಿಗೂ ಅದೇ ಎರಡು ಪ್ರಶ್ನೆ.

ನನಗೆ ಇಷ್ಟವಾಗುವುದು ವ್ಯಾಪಾರಿಗಳ ನಡುವೆ ಕೂತು ಮಾಡಿದ ಅಧ್ಯಯನಗಳು. 1963ರಲ್ಲಿ ಅಮೆರಿಕದ ಸ್ಟೀವರ್ಟ್ ಮೆಕಾಲೆ ವಿಸ್ಕಾನ್ಸಿನ್ ರಾಜ್ಯದ 68 ಉದ್ಯಮಿಗಳನ್ನೂ ವಕೀಲರನ್ನೂ ಮಾತಾಡಿಸಿ ಬರೆದರು. ಜಗಳ ಬಂದರೆ ಇವರು ಬಹಳ ಸಲ ಕರಾರು ಪತ್ರ ತೆಗೆದೇ ನೋಡುವುದಿಲ್ಲ, ಫೋನ್ ಮಾಡಿ ಬಗೆಹರಿಸಿಕೊಳ್ಳುತ್ತಾರೆ ಎಂದು. 1992ರಲ್ಲಿ ಲೀಸಾ ಬರ್ನ್‌ಸ್ಟೈನ್ ನ್ಯೂಯಾರ್ಕಿನ ವಜ್ರದ ವ್ಯಾಪಾರಿಗಳನ್ನು ನೋಡಿದರು. ಅಲ್ಲಿ ಅವರದೇ ಕ್ಲಬ್ಬಿನ ಆರ್ಬಿಟ್ರೇಷನ್ ಚೆನ್ನಾಗಿ ನಡೆಯುತ್ತಿತ್ತು. ಅದಕ್ಕೆ ಕಾನೂನಿಗಿಂತ ದೊಡ್ಡ ಕಾರಣ ಮರ್ಯಾದೆ. ತೀರ್ಪು ಒಪ್ಪಿ ದುಡ್ಡು ಕಟ್ಟಿದರೆ ವಿಷಯ ಗುಟ್ಟಾಗಿ ಉಳಿಯುತ್ತದೆ. ಕಟ್ಟದಿದ್ದರೆ ಹೆಸರು ಬೋರ್ಡಿನ ಮೇಲೆ.

ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ವ್ಯಾಪಾರ ಮಾಡುವ ಹಿರಿಯರೊಬ್ಬರಿಗೆ ಇದನ್ನು ಹೇಳಿದೆ. ಅವರು ನಕ್ಕರು. 'ಇದಕ್ಕೆ ಅಮೆರಿಕಾಗೆ ಹೋಗ್ಬೇಕಾ ಲಾಯರ್ ಸಾಹೇಬ್ರೆ? ನಮ್ಮಲ್ಲಿ ದುಡ್ಡು ಮುಳುಗಿಸಿದವನಿಗೆ ಮಾರನೇ ದಿನ ಯಾರೂ ಉದ್ರಿ ಕೊಡಲ್ಲ.' ಸರಿಯಾದ ಮಾತು. ಆದರೆ ನಿಮ್ಮ ಎದುರಾಳಿ ಇನ್ನು ನಿಮ್ಮ ಮುಖ ನೋಡಬೇಕಾಗಿಯೇ ಇಲ್ಲದ ದೊಡ್ಡ ಕಂಪನಿಯಾದರೆ ಈ ಮದ್ದು ಕೆಲಸ ಮಾಡುವುದಿಲ್ಲ.

ಪೀಣ್ಯದ ಆ ಮಾಲೀಕರ ಕಥೆಗೆ ಬರುತ್ತೇನೆ. ಒಳ್ಳೆಯ ಮನುಷ್ಯ, ಲೇತ್ ಮೆಷಿನ್ನಿನ ಮುಂದೆ ನಿಂತು ಬೆಳೆದವರು. ಬಾಕಿ 40 ಲಕ್ಷ. ಕರಾರಿನಲ್ಲಿ ಮೂವರು ಆರ್ಬಿಟ್ರೇಟರುಗಳು, ವಿಚಾರಣೆ ಸಿಂಗಪುರದಲ್ಲಿ! ಎಲ್ಲಿಂದ ಬಂತು ಎಂದರೆ ಮಗ ಇಂಟರ್‌ನೆಟ್ಟಿನಿಂದ ಇಳಿಸಿಕೊಟ್ಟದ್ದಂತೆ. ಸಿಂಗಪುರದ ಫೀಸನ್ನು ಬಿಟ್ಟೇಬಿಡಿ. ನಮ್ಮ ಕಾಯ್ದೆಯ ನಾಲ್ಕನೇ ಅನುಸೂಚಿಯ ಪ್ರಕಾರವೇ 40 ಲಕ್ಷಕ್ಕೆ ಒಬ್ಬ ಆರ್ಬಿಟ್ರೇಟರಿಗೆ 1,57,500 ರೂಪಾಯಿ. ಮೂವರಿಗೆ 4,72,500. ಒಬ್ಬರೇ ಇದ್ದರೆ ಶೇ 25 ಜಾಸ್ತಿ ಸೇರಿಸಿ 1,96,875. ಇದರ ಮೇಲೆ ವಕೀಲರು, ಟೈಪಿಸ್ಟು, ಹಾಲ್ ಬಾಡಿಗೆ. ಎರಡೂ ಕಡೆಯವರು ಒಪ್ಪಿದರೆ, ಅಥವಾ ಸಂಸ್ಥೆಯೊಂದರ ನಿಯಮಕ್ಕೆ ಒಳಪಟ್ಟರೆ ಫೀಸು ಬೇರೆ ಆಗಬಹುದು. ಆದ್ದರಿಂದ ಇದನ್ನು ಅಂದಾಜು ಎಂದಷ್ಟೇ ಇಟ್ಟುಕೊಳ್ಳಿ.

ಅವರ ಘಟಕ ಮಾಲು ಕೊಡುವ ಮೊದಲೇ ಸಣ್ಣ ಉದ್ದಿಮೆಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿತ್ತು. ಪುಣ್ಯ. ಸಣ್ಣ ಉದ್ದಿಮೆಗಳ ಎಂಎಸ್ಎಂಇ ಕಾಯ್ದೆಯ 18ನೇ ಕಲಮಿನಡಿ, ಇಂಥ ಬಾಕಿ ಜಗಳಗಳನ್ನು ಬಗೆಹರಿಸಲೆಂದೇ ಇರುವ ಕೌನ್ಸಿಲ್‌ಗೆ ಹೋಗುವ ದಾರಿ ತೆರೆದಿತ್ತು. ಕರಾರಿನಲ್ಲಿ ಬೇರೆ ಆರ್ಬಿಟ್ರೇಷನ್ ಷರತ್ತಿದ್ದರೂ ಈ ದಾರಿ ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಅಲ್ಲೂ ತಡ ಆಗುತ್ತದೆ, ಗ್ಯಾರಂಟಿ ಕೊಡಲಾರೆ. ಆದರೆ ಸಿಂಗಪುರಕ್ಕೆ ಟಿಕೆಟ್ ಬೇಕಿಲ್ಲ.

ಜನ ಏನು ಹೇಳುತ್ತಾರೆ ಎನ್ನುವುದಕ್ಕಿಂತ ಏನು ಮಾಡುತ್ತಾರೆ ಎಂದು ನೋಡುವುದು ವಾಸಿ. ನಮ್ಮಲ್ಲಿ ಆರ್ಬಿಟ್ರೇಷನ್‌ನ ದೊಡ್ಡ ಗಿರಾಕಿ ಸರ್ಕಾರವೇ. ಕೇಂದ್ರ ಹಣಕಾಸು ಇಲಾಖೆ 2024ರ ಜೂನ್‌ನಲ್ಲಿ ಸುತ್ತೋಲೆಯೊಂದನ್ನು ಕಳಿಸಿತು. ಖರೀದಿ ಕರಾರುಗಳಲ್ಲಿ ರೂಢಿಗೆಂದು ಈ ಷರತ್ತು ಹಾಕಬೇಡಿ, ಹಾಕುವುದಾದರೂ ಸಾಮಾನ್ಯವಾಗಿ 10 ಕೋಟಿಗಿಂತ ಕಡಿಮೆಯ ಜಗಳಗಳಿಗೆ ಮಾತ್ರ ಎಂದು. ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಸರ್ಕಾರಿ ಟೆಂಡರ್ ಹಿಡಿಯುವವರು ಹೊಸ ಕರಾರಿನಲ್ಲಿ ಆ ಪುಟ ಇದೆಯೋ ಇಲ್ಲವೋ ಎಂದು ಈಗಲೇ ನೋಡಿಕೊಳ್ಳಿ.

ಇನ್ನೊಂದು. ಅಂಕಿ ಅಂಶ ಓದುತ್ತಾ ಬಾಕಿಯ ದಿನಾಂಕ ಮರೆಯಬೇಡಿ. ಬಾಕಿಗಾಗಿ ಕೋರ್ಟಿಗೋ ಆರ್ಬಿಟ್ರೇಷನ್‌ಗೋ ಹೋಗಲು ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. 'ಇವತ್ತು ಕೊಡ್ತೀವಿ, ನಾಳೆ ಕೊಡ್ತೀವಿ' ಎಂಬ ಫೋನ್ ಮಾತಿನಿಂದ ಅದು ಮುಂದಕ್ಕೆ ಹೋಗುವುದಿಲ್ಲ, ನೀವು ಕಳಿಸುವ ನೆನಪೋಲೆಗಳಿಂದಲೂ ಇಲ್ಲ. ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಆರ್ಬಿಟ್ರೇಷನ್ ಶುರುವಾಗುವುದು, ಅದಕ್ಕೆ ಬನ್ನಿ ಎಂದು ಕರೆಯುವ 21ನೇ ಕಲಮಿನ ನೋಟಿಸ್ ಎದುರಿನವರ ಕೈ ಸೇರಿದ ದಿನ. ನೀವು ಪೋಸ್ಟ್ ಮಾಡಿದ ದಿನವಲ್ಲ. ಅಂಚೆಯ ಸ್ವೀಕೃತಿ ಚೀಟಿಯನ್ನು ಫೈಲಿಗೆ ಹಾಕಿಡಿ.