ಎಳೆಯುವ ಸೋನಾರ್ ಸರಣಿಯ ಭಾಗಗಳು ಮತ್ತು ಹೈಡ್ರೋಫೋನ್‌ಗಳ ನಡುವಿನ ಅಂತರ

ಹಡಗಿನ ಎಂಜಿನ್ ಹಾಗೂ ಪ್ರೊಪೆಲರ್‌ಗಳ ಸದ್ದಿನಿಂದ ದೂರವಿದ್ದು ಕ್ಷೀಣ ಶಬ್ದಗಳನ್ನು ಆಲಿಸುವ ಸಲುವಾಗಿ ಹೈಡ್ರೋಫೋನ್‌ಗಳ (ನೀರಿನೊಳಗೆ ಆಲಿಸುವ ಮೈಕ್ರೊಫೋನ್‌ಗಳ) ಉದ್ದನೆಯ ಸಾಲನ್ನು, ಅಂದರೆ ಸರಣಿಯನ್ನು, ಹಡಗಿನ ಹಿಂದೆ ಎಳೆಯಲಾಗುತ್ತದೆ. ಹಡಗಿನ ಕಡೆಯಿಂದ ನೋಡುತ್ತ ಹೋದರೆ ಮೊದಲು ಕೇಬಲನ್ನು ಸುತ್ತಿ ಬಿಚ್ಚುವ ವಿಂಚ್, ಅನಂತರ ಎಳೆತವನ್ನೂ ವಿದ್ಯುತ್ತನ್ನೂ ದತ್ತಾಂಶವನ್ನೂ ಒಟ್ಟಿಗೆ ಹೊರುವ ಕವಚವುಳ್ಳ ಕೇಬಲ್, ಅದರ ಹಿಂದೆ ಕಂಪನ ತಡೆಯುವ ಖಂಡ, ಆಮೇಲೆ ಆಲಿಸುವ ಖಂಡಗಳು, ಕೊನೆಯಲ್ಲಿ ಸರಣಿಯನ್ನು ನೇರವಾಗಿ ಬಿಗಿದಿಡುವ ಬಾಲದ ಹಗ್ಗ ಸಿಗುತ್ತವೆ. ನೀರನ್ನು ಸೀಳುವ ಕೇಬಲ್ ಸುಳಿಗಳಿಂದಾಗಿ ಅದುರುತ್ತದೆ. ಹಿಗ್ಗಬಲ್ಲ ಹಗ್ಗಗಳಿರುವ ಕಂಪನ ತಡೆ ಖಂಡವು ಆ ಅದುರನ್ನು ಹೀರಿಕೊಳ್ಳದಿದ್ದರೆ ದೂರದ ಶಬ್ದ ಅದರಡಿ ಹೂತುಹೋಗುತ್ತದೆ.

ಆಲಿಸುವ ಖಂಡವೆಂದರೆ ಹಗುರ ಎಣ್ಣೆ ಅಥವಾ ಜೆಲ್ ತುಂಬಿದ ಪಾಲಿಯುರೆಥೇನ್ ಕೊಳವೆ. ಮುಳುಗದೆ, ತೇಲದೆ ನೀರಿನೊಳಗೆ ಸಮವಾಗಿ ಸಾಗುವಂತೆ ಅದರ ಸಾಂದ್ರತೆಯನ್ನು ಹೊಂದಿಸಿರುತ್ತಾರೆ. ಒತ್ತಡವನ್ನು ವಿದ್ಯುತ್ತಾಗಿಸುವ ಪೀಜೋವಿದ್ಯುತ್ ಸೆರಾಮಿಕ್‌ನ ಹೈಡ್ರೋಫೋನ್‌ಗಳು, ಅವುಗಳ ಪಕ್ಕದಲ್ಲೇ ಆಂಪ್ಲಿಫೈಯರ್‌ಗಳು, ಆಳ ಮತ್ತು ದಿಕ್ಕನ್ನು ಅಳೆಯುವ ಸಂವೇದಕಗಳು ಅದರೊಳಗಿರುತ್ತವೆ.

ಎಲ್ಲಕ್ಕಿಂತ ಕಠಿಣವೆನಿಸುವುದು ಹೈಡ್ರೋಫೋನ್‌ಗಳ ನಡುವಿನ ಅಂತರವು ಅರ್ಧ ತರಂಗದೂರವನ್ನು (ಒಂದು ಆವರ್ತದಲ್ಲಿ ಶಬ್ದ ಸಾಗುವ ದೂರದ ಅರ್ಧವನ್ನು) ಮೀರಬಾರದೆಂಬ ನಿಯಮ. ನೀರಿನಲ್ಲಿ ಶಬ್ದದ ವೇಗ ಸುಮಾರು 1500 ಮೀ/ಸೆ. ಅಂತರ 1 ಮೀಟರ್ ಎಂದಿಟ್ಟುಕೊಂಡು 1500 ಹರ್ಟ್ಜ್‌ನ ಸ್ವರವನ್ನು ಪರಿಗಣಿಸೋಣ. ಅದರ ತರಂಗದೂರವೂ 1 ಮೀಟರ್. ಸ್ವರವು ಸರಣಿಗೆ ಲಂಬವಾಗಿ ಬಂದರೆ ಎಲ್ಲ ಹೈಡ್ರೋಫೋನ್‌ಗಳನ್ನೂ ಏಕಕಾಲಕ್ಕೆ ಮುಟ್ಟುತ್ತದೆ. ಸರಣಿಯ ಉದ್ದಕ್ಕೆ ಹಿಂದಿನಿಂದ ಬಂದರೆ ಪ್ರತಿಯೊಂದನ್ನೂ ಹಿಂದಿನದಕ್ಕಿಂತ ಸರಿಯಾಗಿ ಒಂದು ಪೂರ್ಣ ಆವರ್ತ ತಡವಾಗಿ ಮುಟ್ಟುತ್ತದೆ. ಒಂದು ಪೂರ್ಣ ಆವರ್ತ ತಡವಾದ ಸ್ವರಕ್ಕೂ ತಡವಾಗದ ಸ್ವರಕ್ಕೂ ರೂಪದಲ್ಲಿ ಭೇದವಿಲ್ಲವಾದ್ದರಿಂದ ಎರಡೂ ದಿಕ್ಕುಗಳು ಒಂದೇ ಆಗಿ ಕಾಣುತ್ತವೆ. 750 ಹರ್ಟ್ಜ್‌ಗಿಂತ ಕೆಳಗೆ ವಿಳಂಬವು ಅರ್ಧ ಆವರ್ತವನ್ನು ತಲುಪುವುದೇ ಇಲ್ಲ, ಆದ್ದರಿಂದ ಈ ಗೊಂದಲವಿಲ್ಲ.

ಇದರಿಂದ ದೊರೆಯುವ ಸುಲಭ ಸೂತ್ರ ಬಹಳ ಉಪಯುಕ್ತ: 750 ಅನ್ನು ಮೀಟರ್‌ಗಳಲ್ಲಿರುವ ಅಂತರದಿಂದ ಭಾಗಿಸಿದರೆ ಗರಿಷ್ಠ ಆವೃತ್ತಿ ಹರ್ಟ್ಜ್‌ನಲ್ಲಿ ಬರುತ್ತದೆ. ತೈಲ ಶೋಧನೆಯ ಸರಣಿಗಳಲ್ಲಿ ಹೈಡ್ರೋಫೋನ್ ಗುಂಪುಗಳ ನಡುವೆ ಸಾಮಾನ್ಯವಾದ 12.5 ಮೀಟರ್ ಅಂತರಕ್ಕೆ ಅದು 60 ಹರ್ಟ್ಜ್. ಆದರೂ ಅವು ಅದಕ್ಕಿಂತ ಹೆಚ್ಚಿನ ಆವೃತ್ತಿಗಳನ್ನು ಬಳಸಬಲ್ಲವು, ಏಕೆಂದರೆ ಸಮುದ್ರತಳದಡಿಯಿಂದ ಪ್ರತಿಫಲಿಸಿದ ತರಂಗಗಳು ಬಹುಮಟ್ಟಿಗೆ ಕೆಳಗಿನಿಂದ ಮೇಲಕ್ಕೆ ಬರುತ್ತವೆ. ನೆರೆಯ ಗುಂಪುಗಳ ನಡುವೆ ವಿಳಂಬ ಅತ್ಯಲ್ಪವಾಗಿರುತ್ತದೆ.

ಹೈಡ್ರೋಫೋನ್‌ಗಳ ಸಂಖ್ಯೆ ಅಷ್ಟೇ ಇದ್ದು ಅಂತರವನ್ನು ಕಡಿಮೆ ಮಾಡುತ್ತ ಹೋದರೆ ಸರಣಿ ಗಿಡ್ಡವಾಗಿ, ಕಡಿಮೆ ಆವೃತ್ತಿಗಳಲ್ಲಿ ದಿಕ್ಕಿನ ನಿಖರತೆ ಕುಸಿಯುತ್ತದೆ. ಆದ್ದರಿಂದ ಮಧ್ಯದಲ್ಲಿ ಒತ್ತೊತ್ತಾಗಿ, ಅಂಚುಗಳಲ್ಲಿ ವಿರಳವಾಗಿ ಜೋಡಿಸುವ ವಿನ್ಯಾಸವೂ ಉಂಟು. ಎಡ-ಬಲದ ಗೊಂದಲವನ್ನು ಮಾತ್ರ ಯಾವ ಅಂತರವೂ ನೀಗಿಸಲಾರದು. ನೇರ ಸಾಲಿಗೆ ಎರಡೂ ಬದಿಗಳು ಸಮಾನ. ಅದಕ್ಕೆ ಹಡಗನ್ನು ತಿರುಗಿಸಿ ಮತ್ತೆ ಆಲಿಸಬೇಕು, ಇಲ್ಲವೇ ಪ್ರತಿ ಸ್ಥಾನದಲ್ಲಿ ಮೂರು ಹೈಡ್ರೋಫೋನ್‌ಗಳನ್ನು ತ್ರಿಕೋನಾಕಾರದಲ್ಲಿ ಇಡಬೇಕು.