ನಾನ್-ರೆಟ್ರೋಗ್ರೇಡಬಲ್ ರಿದಮ್: ಮೆಸಿಯಾನ್ ಸಂಗೀತದ ತಿರುಗದ ಲಯ

ಒಂದು ಲಯವನ್ನು ಕೊನೆಯಿಂದ ಮೊದಲಿಗೆ ನುಡಿಸಿದರೆ ಸಾಮಾನ್ಯವಾಗಿ ಬೇರೆಯದೇ ಲಯ ಹುಟ್ಟುತ್ತದೆ. ಕೆಲವು ಮಾತ್ರ ಎತ್ತಲಿಂದ ನುಡಿಸಿದರೂ ಹಾಗೇ ಇರುತ್ತವೆ. ಇಂಥವನ್ನು ಫ್ರಾನ್ಸಿನ ಸಂಗೀತ ರಚನಕಾರ ಒಲಿವಿಯೇ ಮೆಸಿಯಾನ್ (1908–1992) ‘ನಾನ್-ರೆಟ್ರೋಗ್ರೇಡಬಲ್ ರಿದಮ್’ ಎಂದು ಕರೆದರು. ತಿರುಗಿಸಲು ಬಾರದ ಲಯ ಅನ್ನೋಣ.

ಹೈಸ್ಕೂಲಿನಲ್ಲಿ ಛಂದಸ್ಸು ಓದಿದವರಿಗೆ ಇದು ಕಷ್ಟವೇ ಅಲ್ಲ. ‘ಗುರು ಲಘು ನಡುವಿರೆ ಜ-ರ ಗಣ’ ನೆನಪಿದೆ ಅಲ್ವಾ? ರಗಣ ಅಂದರೆ ಗುರು, ಲಘು, ಗುರು. ಹಿಂದಿನಿಂದ ಓದಿದರೂ ಅದೇ. ಜಗಣವೂ ಹಾಗೆ. ಆದರೆ ಯಗಣವನ್ನು ತಿರುಗಿಸಿದರೆ ತಗಣವಾಗುತ್ತದೆ, ಭಗಣ ಹೋಗಿ ಸಗಣವಾಗುತ್ತದೆ.

ಛಂದಸ್ಸನ್ನು ನಾನು ಸುಮ್ನೆ ಎಳೆದು ತಂದದ್ದಲ್ಲ. ಮೆಸಿಯಾನ್ ತಾವೇ ಕೊಡುವ ತೀರಾ ಸರಳ ಉದಾಹರಣೆ ‘ಢೇಂಕಿ’ ತಾಳ. ಅದೂ ಗುರು, ಲಘು, ಗುರು. ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದಲ್ಲಿ ಬರುವ 120 ದೇಶೀ ತಾಳಗಳಲ್ಲಿ ಅದೂ ಒಂದು. 13ನೇ ಶತಮಾನದ ಈ ಗ್ರಂಥ ದೇವಗಿರಿಯ ಸೇವುಣರ ಆಸ್ಥಾನದಲ್ಲಿ ಹುಟ್ಟಿತು. 15ನೇ ಶತಮಾನದಲ್ಲಿ ಇದಕ್ಕೆ ‘ಕಲಾನಿಧಿ’ ಎಂಬ ವ್ಯಾಖ್ಯಾನ ಬರೆದ ಕಲ್ಲಿನಾಥ ವಿಜಯನಗರದವನು. ಪ್ಯಾರಿಸ್ಸಿನಲ್ಲಿ ಓದುತ್ತಿದ್ದ ಹುಡುಗ ಮೆಸಿಯಾನ್‌ಗೆ ಈ ತಾಳಗಳ ಪಟ್ಟಿ ಸಿಕ್ಕಿದ್ದು ಒಂದು ಫ್ರೆಂಚ್ ಸಂಗೀತ ವಿಶ್ವಕೋಶದಲ್ಲಿ. ಗುರುಗಳ ಮುಂದೆ ಕೂತು ಕಲಿತದ್ದಲ್ಲ, ಪುಟ ನೋಡಿ ಕಲಿತದ್ದು. ಹಾಗಾಗಿ ಅವರ ಸಂಗೀತದಲ್ಲಿ ನಮ್ಮ ಆವರ್ತ (ತಾಳದ ಒಂದು ಸುತ್ತು), ಎಡುಪು (ತಾಳದಲ್ಲಿ ಹಾಡು ಶುರುವಾಗುವ ಜಾಗ) ಹುಡುಕಿದರೆ ಸಿಗುವುದಿಲ್ಲ. ಅವರು ತೆಗೆದುಕೊಂಡದ್ದು ಉದ್ದ-ಗಿಡ್ಡ ಅಳತೆಗಳ ಸಾಲನ್ನು ಮಾತ್ರ. ಇದನ್ನು ಕೊರತೆ ಅನ್ನಲು ನನಗೆ ಮನಸ್ಸಿಲ್ಲ. ಆ ಸಾಲುಗಳಿಂದ ಅವರು ಕಟ್ಟಿದ್ದು ಅಷ್ಟು ದೊಡ್ಡದು.

ಯಾಕೆ ಈ ಲಯಗಳ ಮೇಲೆ ಅಷ್ಟು ಒಲವು? ಮೆಸಿಯಾನ್ ಶ್ರದ್ಧೆಯ ಕ್ಯಾಥೊಲಿಕ್. 1931ರಿಂದ ಸಾಯುವವರೆಗೂ ಪ್ಯಾರಿಸ್ಸಿನ ಟ್ರಿನಿಟೆ ಚರ್ಚಿನಲ್ಲಿ ಆರ್ಗನ್ ನುಡಿಸಿದವರು. ಮೊದಲು-ಕೊನೆ ಎಂಬುದೇ ಇಲ್ಲದ ದೇವರ ಕಾಲವನ್ನು ಸಂಗೀತದಲ್ಲಿ ತೋರಿಸಬೇಕು ಎಂಬುದು ಅವರ ಆಸೆ. ಹಿಂದು-ಮುಂದು ಎರಡೂ ಒಂದೇ ಆದ ಲಯ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

1940ರಲ್ಲಿ ಜರ್ಮನ್ನರು ಅವರನ್ನು ಸೆರೆಹಿಡಿದರು. ಗೊರ್ಲಿಟ್ಸ್‌ನ ಯುದ್ಧಕೈದಿಗಳ ಶಿಬಿರದಲ್ಲಿ ಅವರು ಪೂರ್ತಿ ಮಾಡಿದ ಕೃತಿಯೇ ‘ಕ್ವಾರ್ಟೆಟ್ ಫಾರ್ ದಿ ಎಂಡ್ ಆಫ್ ಟೈಮ್’. ಅಲ್ಲಿ ಸಿಕ್ಕ ಕ್ಲಾರಿನೆಟ್, ವಯಲಿನ್, ಚೆಲ್ಲೊ ಕಲಾವಿದರ ಜೊತೆ ತಾವೇ ಪಿಯಾನೊಗೆ ಕೂತು, 1941ರ ಜನವರಿ 15ರಂದು ಕೈದಿಗಳ ಮುಂದೆ ನುಡಿಸಿದರು. ಮೊದಲ ಭಾಗದ ಪಿಯಾನೊದಲ್ಲಿ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ಮೂರು ದೇಶೀ ತಾಳಗಳು ಸೇರಿ 17 ಅಳತೆಗಳ ಸಾಲಾಗಿವೆ. ಅದರ ಮೇಲೆ ಕೂರುವ ಸ್ವರಗುಚ್ಛಗಳು (ಒಟ್ಟಿಗೆ ನುಡಿಯುವ ಸ್ವರಗಳು) 29. ಎರಡೂ ಸಾಲುಗಳು ಮತ್ತೆ ಒಟ್ಟಿಗೆ ಶುರುವಾಗಬೇಕಾದರೆ 17 × 29, ಅಂದರೆ 493 ಸ್ವರಗುಚ್ಛಗಳು ನುಡಿಯಬೇಕು. ಅಷ್ಟರೊಳಗೆ ಆ ಭಾಗವೇ ಮುಗಿದಿರುತ್ತದೆ.

ತಿರುಗದ ಲಯ ಕಿವಿಗೆ ಬೀಳುವುದು ಆರನೇ ಭಾಗದಲ್ಲಿ. ನಾಲ್ಕೂ ವಾದ್ಯಗಳು ಒಂದೇ ರಾಗದೆಳೆಯನ್ನು ಒಟ್ಟಿಗೆ ನುಡಿಸುತ್ತವೆ, ಹಿಂದೆ ಬೇರೇನೂ ಇಲ್ಲ. ಅಲ್ಲಿನ ಒಂದು ಲಯ ಹೀಗಿದೆ: 3, 5, 8, 5, 3. ನಡುವೆ 8, ಎರಡು ಕಡೆ ಅದದೇ ಅಳತೆಗಳು. ಒಟ್ಟು 24 ಮಾತ್ರೆ.

ಆಮೇಲೂ ಅವರು ಆ ಪಟ್ಟಿಯನ್ನು ಬಿಡಲಿಲ್ಲ. 1949ರಲ್ಲಿ ಬಾಸ್ಟನ್ನಿನಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ ಮೊದಲ ಸಲ ನಡೆಸಿಕೊಟ್ಟ ಅವರ ‘ತುರಂಗಲೀಲಾ ಸಿಂಫನಿ’ಯ ಹೆಸರೂ ಒಂದು ದೇಶೀ ತಾಳದ್ದೇ.

ಕಛೇರಿಯಲ್ಲಿ ಕೂತವರಿಗೆ ಈ ಲೆಕ್ಕವೆಲ್ಲ ಗೊತ್ತಾಗುತ್ತದೆಯೇ? ಪರೀಕ್ಷಿಸಿ ನೋಡಲು ಕೇಳುಗನಿಗೆ ಪುರುಸೊತ್ತು ಇರುವುದಿಲ್ಲ, ಅವನಿಗೆ ಬೇಕಿರುವುದು ಮೋಡಿ ಮಾತ್ರ ಎಂದು ಮೆಸಿಯಾನ್ 1944ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಆದರೂ ಆರನೇ ಭಾಗ ಕೇಳುವ ಮುಂಚೆ 3-5-8-5-3ನ್ನು ನಿಧಾನವಾಗಿ ಕೈಯಲ್ಲಿ ಎಣಿಸಿ, ಪ್ರತಿ ಅಂಕಿಯ ಮೊದಲಿಗೆ ಒಂದು ಚಪ್ಪಾಳೆ ಹಾಕಿ ನೋಡಿ. ಎಂಟರ ಮೇಲೆ ಲಯ ತಡೆದು ನಿಲ್ಲುವುದು ಕೈಗೇ ತಿಳಿಯುತ್ತದೆ.